ಅಚ್ಚಿನ ಪುಸ್ತಕನೂ ಬೇಕು, ಇ-ಪುಸ್ತಕನೂ ಬೇಕು, ಪುಕ್ಕಟೆ ಪಿಡಿಎಫ್ ಮಾತ್ರ ಬ್ಯಾಡ

ಸಂಪಾದಕರಿಗೆ ನಮಸ್ಕಾರ,

ಅಚ್ಚಿನ ಪುಸ್ತಕ ಚಲೋನೋ ಇ-ಪುಸ್ತಕ ಚಲೋನೋ ಅಂತ ನಿಮ್ಮ ಓದುಗರ ಪತ್ರದಾಗ ನಡದ ಚರ್ಚೆ ಓದೀನ್ರಿ. ಬರದವ್ರಾಗ ಅರ್ಧ ಮಂದಿ ಹೊಸಾ ಪುಸ್ತಕದ ವಾಸನಿ, ಪುಟ ತಿರುವೋ ಸುಖ ಅಂತಾರ, ಉಳದ ಅರ್ಧ ಮಂದಿ ಒಂದ ಫೋನಿನ್ಯಾಗ ಸಾವಿರ ಪುಸ್ತಕ ಇಟ್ಕೊಂಡು ತಿರಗಬಹುದು ಅಂತಾರ. ಎರಡೂ ಖರೇನ. ಆದ್ರ ಬರದ ಮನಷ್ಯಾಗ ರೊಕ್ಕ ಹೆಂಗ ಸಿಗತೈತಿ, ಇಂಡಿ ತಾಲೂಕಿನ ಯಾವದೋ ಹಳ್ಯಾಗ ಕುಂತ ಓದುಗಗ ಆ ಪುಸ್ತಕ ಹೆಂಗ ಮುಟ್ಟತೈತಿ, ಇದನ್ನ ಯಾರೂ ಎತ್ತಲಿಲ್ಲ. ನಾ ವಿಜಯಪುರದಾಗ ಡಿಟಿಪಿ, ಅಂದ್ರ ಕಂಪ್ಯೂಟರ್‌ದಾಗ ಟೈಪ್ ಮಾಡಿ ಅಚ್ಚಿಗೆ ಪುಟ ಕಟ್ಟೋ ಕೆಲಸ ಮಾಡಾಂವ. ಮದುವಿ ಕಾರ್ಡು, ಕರಪತ್ರ, ಬ್ಯಾನರ್ ಎಲ್ಲಾ ಮಾಡ್ತೀನಿ, ಆದ್ರ ಮನಸ್ಸಿಟ್ಟು ಮಾಡೋದು ಪುಸ್ತಕದ ಕೆಲಸ. ನಮ್ಮ ಜಿಲ್ಲೆದ ಮಾಸ್ತರು, ವಕೀಲರು, ಅಂಗನವಾಡಿ ಅಕ್ಕಾರು, ಒಕ್ಕಲತನ ಮಾಡ್ಕೋತ ಕವಿತಾ ಬರಿಯೋರು, ಎಲ್ಲಾರ ಪುಸ್ತಕ ನನ್ನ ಕಂಪ್ಯೂಟರ್ ಮ್ಯಾಲೆ ಹಾದು ಹೋಗ್ಯಾವ. ಅದಕ್ಕ ಈ ವಿಷಯದಾಗ ನನ್ನ ಅಭಿಪ್ರಾಯ ಗಟ್ಟಿ ಐತಿ, ಮೊದಲಿಗೇ ಹೇಳಿಬಿಡ್ತೀನಿ: ಅಚ್ಚಾಗೋ ಪ್ರತಿಯೊಂದು ಕನ್ನಡ ಪುಸ್ತಕ ಅವತ್ತೇ ಇ-ಪುಸ್ತಕ ಆಗಿನೂ ಬರಬೇಕು, ಸರಿಯಾದ ಇ-ಪುಸ್ತಕ ಆಗಿ, ಬೆಲೆ ಹಾಕಿ. ಅಚ್ಚಿನ ಮ್ಯಾಲಿನ ಪ್ರೀತಿಗೆ ಇ-ಪುಸ್ತಕ ಬ್ಯಾಡ ಅನ್ನೋರಿಂದ ನಮ್ಮ ಕಡೆ ಲೇಖಕರಿಗೇ ಹೆಚ್ಚು ಲುಕ್ಸಾನ ಆಗಾಕತ್ತೈತಿ.

ಯಾಕಂತ ಕೇಳ್ರಿ. ನಮ್ಮ ಊರಾಗ ಪುಸ್ತಕ ಹೆಂಗ ಹುಟ್ಟತೈತಿ ಅನ್ನೋದು ಓದುಗರಿಗೆ ಗೊತ್ತಿರೂದಿಲ್ಲ. ದೊಡ್ಡ ಪ್ರಕಾಶಕರು ಹೊಸಬರ ಪುಸ್ತಕ ತಗೊಳ್ಳೂದು ಕಮ್ಮಿ, ಹಿಂಗಾಗಿ ಲೇಖಕರೇ ಕೈಯಿಂದ ರೊಕ್ಕ ಹಾಕಿ ಮಾಡಸ್ತಾರ. ಒಂದು 160 ಪುಟದ ಡೆಮಿ ಸೈಜಿನ (ಕಥಿ ಕಾದಂಬರಿಗೆ ರೂಢಿ ಅಳತಿ) ಕಥಾಸಂಕಲನ ಅಂದ್ರ 16 ಪುಟಕ್ಕ ಒಂದು ಫಾರ್ಮ್‌ದಂಗ 10 ಫಾರ್ಮ್ ಆಗ್ತಾವ, ಕಂಪೋಜ್, ಎರಡು ಮೂರು ಸಲ ಪ್ರೂಫ್, ಪ್ಲೇಟ್, 70 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದ, ಮುಖಪುಟಕ್ಕ ಆರ್ಟ್ ಬೋರ್ಡ್, ಲ್ಯಾಮಿನೇಷನ್, ಬೈಂಡಿಂಗ್, ಎಲ್ಲಾ ಕೂಡಿ 500 ಪ್ರತಿಗೆ 40ರಿಂದ 50 ಸಾವಿರ ಹಿಡಕೋರಿ. ಇದರಾಗ ಕಂಪೋಜ್, ಪ್ಲೇಟು, ಮಷಿನ್ ಹಚ್ಚೋ ಖರ್ಚು 500ಕ್ಕೂ ಅಷ್ಟ, 1000ಕ್ಕೂ ಅಷ್ಟ, ಕಾಗದ ಬೈಂಡಿಂಗ್ ಖರ್ಚು ಮಾತ್ರ ಹೆಚ್ಚಾಗತೈತಿ, ಅದಕ್ಕ ಪ್ರತಿ ಜಾಸ್ತಿ ಹಾಕಿದ್ರ ಒಂದೊಂದರ ಖರ್ಚು ಇಳಿತೈತಿ. ಆ ಆಸೆಗೆ ಬಿದ್ದು ಕೆಲವರು 1000 ಹಾಕಸ್ತಾರ. ಬಿಡುಗಡೆ ಸಮಾರಂಭ ಆಗತೈತಿ, ವೇದಿಕೆ ಮ್ಯಾಲಿನವರಿಗೆ ಒಂದೊಂದು, ಬೀಗರಿಗೆ ಒಂದೊಂದು, ಸಾಹಿತ್ಯ ಪರಿಷತ್ತಿನ ಹಿರಿಯರಿಗೆ ಒಂದೊಂದು ಅಂತ ಗೌರವ ಪ್ರತಿ ಹೋಗ್ತಾವ. ಅಂಗಡಿಗೆ ಕೊಟ್ರ 30-40 ಪರ್ಸೆಂಟ್ ಕಮಿಷನ್, ಮಾರಿದ್ದರ ರೊಕ್ಕ ಬರೂದು ಯಾವಾಗೋ. ಉಳದದ್ದು ಮನ್ಯಾಗ ಮಂಚದ ಬುಡಕ. ನನ್ನ ಕೈಯ್ಯಿಂದ ಹೋದ ಪುಸ್ತಕ ಎಷ್ಟೋ ವರ್ಷ ಆದಮ್ಯಾಲೆ ಅದ ಕಟ್ಟಿನ್ಯಾಗ, ಅದ ಸುತಳಿ ಬಿಚ್ಚಲಾರದ ಹಂಗ ಇದ್ದದ್ದು ನೋಡಿ ನನಗ ಹೊಟ್ಟಿ ಉರದೈತಿ. ಅದರಾಗ ಒಂದೆರಡು ಖರೇನ ಭಾಳ ಚಲೋ ಪುಸ್ತಕ, ಡೋಣಿ ನದಿ ದಂಡಿ ಮ್ಯಾಲಿನ ಮಂದಿ ಹೆಂಗ ಮಾತಾಡ್ತಾರೋ ಹಂಗ ಬರದದ್ದು, ಬೆಂಗಳೂರಾಗ ಕುಂತು ಯಾರಿಗೂ ಅದನ್ನ ಬರಿಯೂದು ಆಗೂದಿಲ್ಲ.

ಪ್ರಕಾಶಕರು ತಗೊಂಡ್ರೂ ಲೆಕ್ಕ ಅಷ್ಟೇನು ದೊಡ್ಡದಲ್ಲ. ರೂಢಿ ಪ್ರಕಾರ ರಾಯಲ್ಟಿ 10 ಪರ್ಸೆಂಟ್, ಅಂದ್ರ 200 ರೂಪಾಯಿ ಪುಸ್ತಕಕ್ಕ ಲೇಖಕಗ 20 ರೂಪಾಯಿ, ಅದೂ ಮಾರಾಟ ಆದ್ರ, ಲೆಕ್ಕ ಕೊಟ್ರ. ಬಾಳ ಸಲ ರಾಯಲ್ಟಿ ಬದಲಿಗೆ ಪುಸ್ತಕನ ಕೊಟ್ಟು ಕಳಸ್ತಾರ. ಇನ್ನ ಗ್ರಂಥಾಲಯ ಇಲಾಖೆದ ಏಕಗವಾಕ್ಷಿ ಯೋಜನೆ ಅಂತ ಒಂದೈತಿ, ಆಯ್ಕಿ ಆದ್ರ 300 ಪ್ರತಿ ತಗೋತಾರ, ನಮ್ಮಂಥಾ ಸಣ್ಣ ಊರಿನ ಲೇಖಕರಿಗೆ, ಸಣ್ಣ ಪ್ರಕಾಶಕರಿಗೆ ಅದ ಜೀವಾಳ. ಆದ್ರ ಆಯ್ಕಿ ಆಗೂತನಾ ಕಾಯಬೇಕು, ಆದಮ್ಯಾಲೆ ಬಿಲ್ ಬರೂತನಾ ಕಾಯಬೇಕು. ಒಂದು ಪುಸ್ತಕ 300 ಪ್ರತಿ ಸರ್ಕಾರಕ್ಕ ಹೋತು, 100 ಪ್ರತಿ ಗೌರವಕ್ಕ ಹೋತು ಅಂದ್ರ ರೊಕ್ಕ ಕೊಟ್ಟು ತಗೊಂಡು ಓದಿದ ಓದುಗ ಎಲ್ಲೆದಾನ ಹೇಳ್ರಿ?

ಓದುಗ ಅದಾನ. ಅವನ ತನಕ ಪುಸ್ತಕ ಹೋಗವಲ್ದು. ಸಿಂದಗಿ, ಮುದ್ದೇಬಿಹಾಳ, ತಾಳಿಕೋಟಿ, ಚಡಚಣ, ಈ ಊರಾಗೆಲ್ಲಾ ಪುಸ್ತಕದ ಅಂಗಡಿ ಅಂದ್ರ ನೋಟ್‌ಬುಕ್ಕು, ಗೈಡು, ಪರೀಕ್ಷೆ ಪುಸ್ತಕ, ಪಂಚಾಂಗ. ಕಥಿ ಕಾದಂಬರಿ ಕೇಳಿದ್ರ ವಿಜಯಪುರಕ್ಕ ಹೋಗ್ರಿ ಅಂತಾರ, ವಿಜಯಪುರದಾಗ ಕೇಳಿದ್ರ ಆರ್ಡರ್ ಕೊಡ್ರಿ ತರಸ್ತೀವಿ ಅಂತಾರ, ಇಲ್ಲಾ ಧಾರವಾಡಕ್ಕ ಹೋಗ್ರಿ ಅಂತಾರ. ಧಾರವಾಡದ ಮಾತ ಬ್ಯಾರೆ, 1933ರಾಗ ಶುರು ಆದ ಮನೋಹರ ಗ್ರಂಥಮಾಲೆ ಚಂದಾದಾರರನ್ನ ಮಾಡ್ಕೊಂಡು ಅವರ ಮನಿ ಬಾಗಲಿಗೆ ಪುಸ್ತಕ ಕಳಿಸಿದ ಊರು ಅದು. ಅದಕ್ಕಿಂತ ಹಿಂದ ಗಳಗನಾಥರು ತಾವು ಬರದ ಕಾದಂಬರಿ ತಾವೇ ಹೊತ್ಕೊಂಡು ಊರೂರು ತಿರಗಿ ಮಾರಿದವ್ರು. ಪುಸ್ತಕನ ಓದುಗನ ಹತ್ರ ಒಯ್ಯಬೇಕು ಅನ್ನೋದು ನಮ್ಮ ಕಡೆ ಹಿರಿಯರು ಮಾಡಿ ತೋರಿಸಿದ ಕೆಲಸ, ನಾವು ಅದನ್ನ ಬಿಟ್ಟೀವಿ.

ಅಂಚೆ ಮ್ಯಾಲೆ ಭರವಸೆ ಇತ್ತು. ರಜಿಸ್ಟರ್ ಬುಕ್ ಪೋಸ್ಟ್ ಅಂತ ಅಗ್ಗದ ಸೇವೆ ಇತ್ತು, ಸಣ್ಣ ಪ್ರಕಾಶಕರು ಅದರ ಮ್ಯಾಲೇ ನಡಸ್ತಿದ್ರು, 2024ರ ಡಿಸೆಂಬರ್‌ದಾಗ ಅದನ್ನ ಏಕ್‌ದಂ ಬಂದ್ ಮಾಡಿದ್ರು. ಮುಂದ 2025ರ ಮೇ 1ರಿಂದ ಜ್ಞಾನ ಪೋಸ್ಟ್ ಅಂತ ಹೊಸಾದು ತಂದಾರ, 300 ಗ್ರಾಂ ತನಕ 20 ರೂಪಾಯಿ, 5 ಕೆಜಿ ತನಕ 100 ರೂಪಾಯಿ, ತೆರಿಗಿ ಬ್ಯಾರೆ. ಇದು ಒಳ್ಳೇದೇ ಆತು, ಇದು ಇರೋದ ಭಾಳ ಮಂದಿಗೆ ಗೊತ್ತಿಲ್ಲ, ಅದಕ್ಕ ಇಲ್ಲಿ ಬರದೀನಿ, ಪುಸ್ತಕ ತರಸೋರು ಪ್ರಕಾಶಕರಿಗೆ ಜ್ಞಾನ ಪೋಸ್ಟಿನ್ಯಾಗ ಕಳಸ್ರಿ ಅಂತ ಹೇಳ್ರಿ. ಕೊರಿಯರ್ ಆದ್ರ 120 ರೂಪಾಯಿ ಕವಿತಾ ಪುಸ್ತಕಕ್ಕ ಸಾಗಣಿನ ಅರ್ಧ ಆಗಿಬಿಡತೈತಿ.

ಇ-ಪುಸ್ತಕಕ್ಕ ಇದ್ಯಾವ ತಾಪತ್ರಯನೂ ಇಲ್ರಿ. ಚಡಚಣದಾಗ ಕುಂತಾಂವ ರಾತ್ರಿ ಹತ್ತಕ್ಕ ರೊಕ್ಕ ಕಟ್ಟಿದ್ರ ಹತ್ತೂ ಒಂದಕ್ಕ ಓದಾಕ ಶುರು ಮಾಡಬಹುದು. ಲೇಖಕಗ 500 ಪ್ರತಿ ಹಾಕಸೋ ಹಂಗಿಲ್ಲ, ಮಂಚದ ಬುಡಕ ಜಾಗಾ ಬೇಕಿಲ್ಲ, ಪ್ರತಿ ಮುಗದಾವ ಅನ್ನೋ ಮಾತ ಇಲ್ಲ. ಹತ್ತು ವರ್ಷದ ಹಿಂದಿನ ಪುಸ್ತಕ ಇವತ್ತ ಒಬ್ಬಾಂವ ಕೇಳಿದ್ರೂ ಸಿಗತೈತಿ. ಕಣ್ಣು ಮಂಜಾದ ಹಿರಿಯರು ಅಕ್ಷರ ದೊಡ್ಡದು ಮಾಡ್ಕೊಂಡು ಓದ್ತಾರ, ನಮ್ಮ ಓಣ್ಯಾಗ ಒಬ್ರು ರಿಟೈರ್ಡ್ ಮಾಸ್ತರು ಅದಾರ, ಅಚ್ಚಿನ ಪುಸ್ತಕ ಓದೂದು ಬಿಟ್ಟ ಬಿಟ್ಟಿದ್ರು, ಮೊಮ್ಮಗಳು ಟ್ಯಾಬಿನ್ಯಾಗ ಅಕ್ಷರ ದೊಡ್ಡದು ಮಾಡಿ ಕೊಟ್ಟಮ್ಯಾಲೆ ಮತ್ತ ಹಿಡದಾರ, ಈಗ ಕೈಯಾಗಿಂದ ಬಿಡವಲ್ರು. ಕಣ್ಣು ಪೂರ್ತಿ ಇಲ್ಲದವ್ರಿಗೆ ಫೋನ್ ತಾನ ಓದಿ ಹೇಳತೈತಿ. ಇದನ್ನ ಅಚ್ಚಿನ ಪುಸ್ತಕ ಎಂದೂ ಮಾಡಾಕ ಆಗೂದಿಲ್ಲ, ವಾಸನಿ ಬಗ್ಗೆ ಬರದವ್ರು ಇವರನ್ನ ನೆನಸಬೇಕಿತ್ತು.

ಆದ್ರ ಇಲ್ಲೆ ನನ್ನ ಕಸಬಿನ ಒಂದು ಮಾತ ಹೇಳಲೇಬೇಕು, ಸ್ವಲ್ಪ ಉದ್ದ ಆದ್ರೂ ಓದ್ರಿ, ಯಾಕಂದ್ರ ಕನ್ನಡ ಇ-ಪುಸ್ತಕ ಹಿಂದ ಬೀಳಾಕ ದೊಡ್ಡ ಕಾರಣ ಇಲ್ಲೇ ಐತಿ. ನಮ್ಮ ಕನ್ನಡ ಪುಸ್ತಕ ಬಾಳಷ್ಟು ಇನ್ನೂ ಪೇಜ್‌ಮೇಕರ್ ಅನ್ನೋ ಪುಟ ಕಟ್ಟೋ ಹಳೇ ಸಾಫ್ಟ್‌ವೇರ್‌ದಾಗ ಆಗ್ತಾವ, ಅದಕ್ಕ ಯುನಿಕೋಡ್, ಅಂದ್ರ ಎಲ್ಲಾ ಭಾಷೆ ಅಕ್ಷರಕ್ಕೂ ಬ್ಯಾರೆ ಬ್ಯಾರೆ ಕೋಡ್ ಇರೋ ಪದ್ಧತಿ, ತಿಳಿಯೂದಿಲ್ಲ. ಹಿಂಗಾಗಿ ನುಡಿ, ಶ್ರೀಲಿಪಿ, ಬರಹ ಅಂತ ಹಳೇ ಫಾಂಟ್‌ದಾಗ ಟೈಪ್ ಮಾಡ್ತೀವಿ. ಆ ಫಾಂಟ್‌ದಾಗ ಇರೋದು ಕನ್ನಡ ಅಕ್ಷರ ಅಂತ ಕಂಪ್ಯೂಟರಿಗೆ ಗೊತ್ತೇ ಇರೂದಿಲ್ಲ, ಇಂಗ್ಲಿಷ್ ಅಕ್ಷರದ ಕೋಡ್ ಮ್ಯಾಲೆ ಕನ್ನಡದ ಚಿತ್ರ ಕುಂದರಸಿದಂಗ. ಕಾಗದದ ಮ್ಯಾಲೆ ಬೀಳಾಕ ಅಷ್ಟ ಸಾಕು, ಚಂದನೂ ಕಾಣತೈತಿ. ಅದನ್ನ ಇ-ಪುಸ್ತಕ ಮಾಡಬೇಕಂದ್ರ ಯುನಿಕೋಡಿಗೆ ಕನ್ವರ್ಟ್ ಮಾಡಬೇಕು, ಮಾಡಿದ ಕೂಡ್ಲೆ ಅರ್ಕಾವತ್ತು ಜಾಗಾ ಬಿಟ್ಟು ಹೋಗತೈತಿ, ಒತ್ತಕ್ಷರ ಕಳಚಿ ಬೀಳ್ತಾವ, ದೀರ್ಘ ಹ್ರಸ್ವ ಆಗತೈತಿ, ಅಂಕಿ ಅದಲು ಬದಲಾಗ್ತಾವ. 160 ಪುಟ ಮತ್ತ ಸಾಲಿಗೆ ಸಾಲು ಪ್ರೂಫ್ ನೋಡಬೇಕು, ಅದಕ್ಕ ಯಾರ ರೊಕ್ಕ ಕೊಡ್ತಾರ? ಲೇಖಕರ ಹತ್ರ ಅಚ್ಚಿಗೇ ರೊಕ್ಕ ಮುಗದಿರತೈತಿ. ಅದಕ್ಕ ಎಲ್ಲಾರೂ ಸರಳ ದಾರಿ ಹಿಡಿತಾರ, ಪ್ರೆಸ್ಸಿಗೆ ಕೊಟ್ಟ ಪಿಡಿಎಫ್‌ನ ಇ-ಪುಸ್ತಕ ಅಂತ ಕೊಟ್ಟಬಿಡ್ತಾರ.

ಪಿಡಿಎಫ್ ಅಂದ್ರ ಡೆಮಿ ಸೈಜಿನ ಪುಟದ ಫೋಟೋ ಇದ್ದಂಗ. ಫೋನಿನ್ಯಾಗ ತಗದ್ರ ಅಕ್ಷರ ಇರುವಿ ಹಂಗ ಕಾಣ್ತಾವ, ದೊಡ್ಡದು ಮಾಡಿದ್ರ ಸಾಲು ಪರದೆದ ಆಚೆ ಹೋಗತೈತಿ, ಎಡಕ್ಕ ಬಲಕ್ಕ ಜಗ್ಗಾಡಿ ಜಗ್ಗಾಡಿ ಎರಡು ಪುಟ ಓದೂದ್ರಾಗ ಸಾಕಾಗತೈತಿ. ಹಳೇ ಫಾಂಟಿನ ಪಿಡಿಎಫ್ ಆದ್ರ ಕುರುಡರಿಗೆ ಓದಿ ಹೇಳೋ ಸಾಫ್ಟ್‌ವೇರ್ ಏನೇನೋ ಒದರತೈತಿ, ಒಂದು ಶಬ್ದ ಹುಡಕಬೇಕಂದ್ರೂ ಸಿಗೂದಿಲ್ಲ. ಇದನ್ನ ನೋಡಿದವ್ರು ಇ-ಪುಸ್ತಕ ಓದಾಕ ಬರೂದಿಲ್ಲಪಾ ಅಂತ ನಿಮ್ಮ ಪತ್ರಿಕೆಗೆ ಪತ್ರ ಬರೀತಾರ. ಅವರು ಓದಿದ್ದು ಇ-ಪುಸ್ತಕನ ಅಲ್ಲ. ಇಪಬ್ ಅನ್ನೋ ಫೈಲ್ ಐತಿ, ಅದರಾಗ ಸಾಲು ಪರದೆ ಎಷ್ಟು ಅಗಲ ಐತೋ ಅಷ್ಟಕ್ಕ ತಾನ ಹೊಂದ್ಕೋತೈತಿ, ಅಕ್ಷರ ದೊಡ್ಡದು ಮಾಡಿದ್ರ ಸಾಲು ತಾನ ಮುರದು ಕೆಳಗ ಬರತೈತಿ, ಅಧ್ಯಾಯದಿಂದ ಅಧ್ಯಾಯಕ್ಕ ಜಿಗೀಬಹುದು. ಲೇಖಕರು ಮೊದಲಿನಿಂದ ಯುನಿಕೋಡ್‌ದಾಗ ಟೈಪ್ ಮಾಡಿ ತಂದಿದ್ರ, ನಾವು ಇನ್‌ಡಿಸೈನ್ ಅನ್ನೋ ಹೊಸಾ ಸಾಫ್ಟ್‌ವೇರ್‌ದಾಗ ಪುಟ ಕಟ್ಟಿದ್ರ, ಅದ ಫೈಲಿನಿಂದ ಅಚ್ಚಿಗೂ ಹೋಗತೈತಿ, ಇಪಬ್‌ನೂ ಬರತೈತಿ, ಹೆಚ್ಚಿನ ಕೆಲಸ ಅಂದ್ರ ಒಂದೆರಡು ದಿನದ್ದು. ನಮ್ಮ ಕಡೆ ಬರಿಯೋರಿಗೆಲ್ಲಾ ಕೈ ಮುಗದು ಕೇಳ್ತೀನಿ, ಫೋನಿನ್ಯಾಗ ವಾಟ್ಸಾಪಿಗೆ ಟೈಪ್ ಮಾಡೋದು ಯುನಿಕೋಡೇ, ಹಂಗ ನಿಮ್ಮ ಕಥಿನೂ ಅದರಾಗ ಟೈಪ್ ಮಾಡಿ ತರ್ರಿ, ಹಾಳಿ ಮ್ಯಾಲೆ ಬರದು ತಂದ್ರ ಟೈಪ್ ಮಾಡಾಂವಗೆ ಯುನಿಕೋಡ್‌ದಾಗ ಮಾಡು ಅಂತ ಹೇಳ್ರಿ, ಮತ್ತ ಪ್ರೆಸ್ಸಿನಿಂದ ಬರೇ ಪುಸ್ತಕ ಅಷ್ಟ ತಗೊಂಡು ಹೋಗಬ್ಯಾಡ್ರಿ, ಫೈಲ್‌ನೂ ಇಸ್ಕೊಂಡು ಹೋಗ್ರಿ. ಡಿಟಿಪಿ ಅಂಗಡಿ ಕಂಪ್ಯೂಟರ್ ಕೆಟ್ಟು ಹೋತು ಅಂದ್ರ ಮರುಮುದ್ರಣಕ್ಕ ಮತ್ತ ಮೊದಲಿಂದ ಟೈಪ್ ಮಾಡಬೇಕಾಗತೈತಿ, ಎಷ್ಟೋ ಪುಸ್ತಕ ಹಂಗ ಹೋಗ್ಯಾವ.

ಇ-ಪುಸ್ತಕದ ಹೊಗಳಿಕೆ ಇಷ್ಟು ಮಾಡಿದಮ್ಯಾಲೆ ಅದರ ಖರೇ ಕೊರತಿನೂ ಹೇಳಬೇಕಲ್ರಿ. ರೊಕ್ಕ ಕೊಟ್ರೂ ಇ-ಪುಸ್ತಕ ಪೂರ್ತಿ ನಮ್ಮದು ಆಗೂದಿಲ್ಲ. ಅಂಗಡಿಯವ್ರು ಕೊಡೋದು ಓದಾಕ ಪರವಾನಗಿ ಅಷ್ಟ. 2009ರ ಜುಲೈದಾಗ ಅಮೆಜಾನ್ ಕಂಪನಿ ಜಾರ್ಜ್ ಆರ್ವೆಲ್‌ರ ಎರಡು ಪುಸ್ತಕನ ಹಕ್ಕಿನ ತಕರಾರು ಬಂತು ಅಂತ ಅಮೆರಿಕದ ಓದುಗರ ಕಿಂಡಲ್ ಅನ್ನೋ ಇ-ಪುಸ್ತಕ ಓದೋ ಯಂತ್ರದಾಗಿಂದ ದೂರದಿಂದನ ಅಳಸಿ ಹಾಕಿತ್ತು, ರೊಕ್ಕ ವಾಪಸ್ ಕೊಟ್ರು, ಗದ್ದಲ ಆದಮ್ಯಾಲೆ ಕಂಪನಿ ಮುಖ್ಯಸ್ಥರೇ ಕ್ಷಮೆ ಕೇಳಿದ್ರು. 2019ರಾಗ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿತು, ಕೊಂಡವರ ಪುಸ್ತಕ ಎಲ್ಲಾ ಹೋದ್ವು, ರೊಕ್ಕ ತಿರಗಿ ಬಂತು. 2025ರ ಫೆಬ್ರವರಿದಾಗ ಕಿಂಡಲ್ ಪುಸ್ತಕನ ಕಂಪ್ಯೂಟರಿಗೆ ಇಳಿಸ್ಕೊಂಡು ಯುಎಸ್‌ಬಿ ವೈರ್ ಹಚ್ಚಿ ಹಾಕ್ಕೊಳ್ಳೋ ಅನುಕೂಲನ ತಗದ್ರು. ಅಚ್ಚಿನ ಪುಸ್ತಕನ ಅಂಗಡಿಯಂವ ರಾತ್ರಿ ಮನಿಗೆ ಬಂದು ಒಯ್ಯಾಕ ಆಗೂದಿಲ್ಲ. ಅದನ್ನ ನಾ ಓದಿ ಅಕ್ಕಗ ಕೊಡಬಹುದು, ಅಕ್ಕ ಓದಿ ಗೆಳತಿಗೆ ಕೊಡಬಹುದು, ಹಳೇ ಪುಸ್ತಕದ ಅಂಗಡಿಗೆ ಮಾರಬಹುದು, ಕಾನೂನು ಅಡ್ಡಿಲ್ಲ. ನಮ್ಮ ಕಡೆ ಒಂದು ಪುಸ್ತಕ ಅಂದ್ರ ಇಡೀ ಓಣಿ ಓದತೈತಿ. ಇದು ಸಣ್ಣ ಹಕ್ಕಲ್ಲ.

ಲೇಖಕರಿಗೂ ಕೊರತಿ ಐತಿ. 1954ರ ಪುಸ್ತಕ ಸಲ್ಲಿಕೆ ಕಾಯಿದೆ ಪ್ರಕಾರ ಅಚ್ಚಾದ ಪುಸ್ತಕದ ಪ್ರತಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕ, ಇನ್ನ ಮೂರು ದೊಡ್ಡ ಗ್ರಂಥಾಲಯಕ್ಕ ಹೋಗಬೇಕು, ಅಂದ್ರ ಲೇಖಕ ಹೋದ್ರೂ ಪುಸ್ತಕ ಎಲ್ಲೋ ಒಂದ ಕಡೆ ಉಳಿತೈತಿ. ಬರೇ ಇ-ಪುಸ್ತಕ ಮಾಡಿದವಂದು ಆ ಕಂಪನಿ ಸರ್ವರ್‌ದಾಗ ಎಷ್ಟು ದಿನ ಇರತೈತೋ ಅಷ್ಟ ದಿನ. ಮತ್ತ ಕನ್ನಡ ಅಂದ್ರ ದೊಡ್ಡ ಕಂಪನಿಗಳಿಗೆ ಮೊದಲಿಂದ ಅಸಡ್ಡಿ, 2016ರ ಡಿಸೆಂಬರ್‌ದಾಗ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಬಂದ್ವು, ಕನ್ನಡ ಇರಲಿಲ್ಲ. ನಮ್ಮ ಬೆಳಗಾವಿ ವಿಜಯಪುರದ ಗಡಿ ಆಚೆ ಮರಾಠಿ ಲೇಖಕಗ ಸಿಕ್ಕ ಬಾಗಲು ಈ ಕಡೆ ಕನ್ನಡ ಲೇಖಕಗ ಸಿಗಲಿಲ್ಲ. ಪುಣ್ಯಕ್ಕ 2020ರಾಗ ಕನ್ನಡದವರೇ ಮೈಲ್ಯಾಂಗ್ ಅಂತ ಆ್ಯಪ್ ಮಾಡಿ ಕನ್ನಡ ಇ-ಪುಸ್ತಕ, ಆಡಿಯೋ ಪುಸ್ತಕ ಮಾರಾಕತ್ತಾರ, ಗೂಗಲ್ ಪ್ಲೇ ಬುಕ್ಸ್‌ದಾಗನೂ ಕನ್ನಡ ಪುಸ್ತಕ ಅದಾವ.

ತೆರಿಗಿದೊಂದು ಅನ್ಯಾಯ ಐತಿ, ಅದನ್ನ ಯಾರೂ ಮಾತಾಡೂದಿಲ್ಲ. ಅಚ್ಚಾದ ಪುಸ್ತಕಕ್ಕ ಜಿಎಸ್‌ಟಿ ಇಲ್ಲ. ಇ-ಪುಸ್ತಕಕ್ಕ ಮೊದಲು 18 ಪರ್ಸೆಂಟ್ ಇತ್ತು, 2018ರ ಜುಲೈದಾಗ 5ಕ್ಕ ಇಳಿಸಿದ್ರು, ಆದ್ರ ಆ 5 ಪರ್ಸೆಂಟ್ ಅಚ್ಚಿನ ಪ್ರತಿ ಇರೋ ಪುಸ್ತಕಕ್ಕ ಅಷ್ಟ. ಅಂದ್ರ 50 ಸಾವಿರ ಖರ್ಚು ಮಾಡಿ ಅಚ್ಚು ಹಾಕಿಸೋ ತಾಕತ್ತು ಇದ್ದವಂಗೆ ಕಮ್ಮಿ ತೆರಿಗಿ, ತಾಕತ್ತಿಲ್ಲ ಅಂತ ಬರೇ ಇ-ಪುಸ್ತಕ ಮಾಡಿದ ಹುಡುಗಿಗೆ ಹೆಚ್ಚು ತೆರಿಗಿ. ಇದು ತಲಿಕೆಳಗ ಆದ ಲೆಕ್ಕ, ನಮ್ಮ ಸಂಸದರು ಇದನ್ನ ದಿಲ್ಲಿಯೊಳಗ ಎತ್ತಬೇಕು.

ನಮ್ಮ ಊರಿನ ಫ.ಗು. ಹಳಕಟ್ಟಿಯವರ ಮಾತ ತೆಗೀದ ಈ ವಿಷಯ ಮುಗಸಾಕ ನನಗ ಆಗೂದಿಲ್ಲ. ಅವರು ವಿಜಯಪುರದಾಗ ವಕೀಲಿ ಮಾಡ್ತಿದ್ರು. ಮನಿಮನಿ ಜಗಲಿ ಮ್ಯಾಲೆ ಪೂಜಾ ಮಾಡಸ್ಕೊಂಡು ಇದ್ದ ತಾಡೋಲೆ ಕಟ್ಟು ಕೂಡಿಸಿ, ನಕಲು ಮಾಡಿ, ವಚನ ಬಿಡಿಸಿ ಬಿಡಿಸಿ ಓದಿದ್ರು. ಅಚ್ಚು ಹಾಕಸಾಕ ಮಂಗಳೂರಿಗೆ ಕಳಿಸಿದ ಪ್ರತಿ ತಿರಗಿ ಬಂತು, ಕಡೀಕ 1923ರಾಗ ವಚನಶಾಸ್ತ್ರಸಾರದ ಮೊದಲ ಭಾಗ ಬೆಳಗಾವಿಯೊಳಗ ಅಚ್ಚಾತು. ಮುಂದ ಮನಿ ಮಾರಿ 1925ರಾಗ ಹಿತಚಿಂತಕ ಮುದ್ರಣಾಲಯ ಹಾಕಿದ್ರು, ಮರುವರ್ಷ ಶಿವಾನುಭವ ಪತ್ರಿಕಾ ಶುರು ಮಾಡಿದ್ರು. ತಾಡೋಲೆ ಪವಿತ್ರ, ಅದನ್ನ ಮುಟ್ಟಬಾರದು, ಮಷಿನ್‌ದಾಗ ಹಾಕಬಾರದು ಅನ್ನೋ ಮಂದಿ ಆವಾಗೂ ಇದ್ದಿದ್ದಾರು, ಹಳಕಟ್ಟಿಯವರು ಅದನ್ನ ಕೇಳಲಿಲ್ಲ, ಅದಕ್ಕ ಇವತ್ತ ವಚನ ಎಲ್ಲಾರ ಬಾಯಾಗ ಅದಾವ. ಹಂಗಂತ ತಾಡೋಲೆ ಒಗೀಲೂ ಇಲ್ಲ, ಜೋಪಾನ ಮಾಡಿದ್ರು. ಹಳೇದನ್ನ ಕಾಯ್ಕೊಂಡು ಹೊಸಾದಕ್ಕ ದಾಟೋದು ಅಂದ್ರ ಇದು, ನಮ್ಮ ಊರಾಗ ನೂರು ವರ್ಷದ ಹಿಂದ ಆದದ್ದು.

ಇನ್ನೊಂದು ಗಮನಸ್ರಿ. ನಮ್ಮ ದೇಶದ ಕಾಪಿರೈಟ್ ಕಾಯಿದೆ ಪ್ರಕಾರ ಲೇಖಕ ತೀರಿಹೋದ ಮ್ಯಾಲೆ 60 ವರ್ಷ ಹಕ್ಕು ಇರತೈತಿ. ಹಳಕಟ್ಟಿಯವರು ತೀರಿದ್ದು 1964ರಾಗ. ಅಂದ್ರ 2025ರ ಜನವರಿಯಿಂದ ಅವರು ಸ್ವತಃ ಬರದದ್ದೆಲ್ಲಾ ಸಾರ್ವಜನಿಕರ ಸ್ವತ್ತು, ಅದನ್ನ ಇ-ಪುಸ್ತಕ ಮಾಡಿ ಯಾರರೆ ಹಂಚಿದ್ರ ಅದು ಪೂರ್ತಿ ಕಾನೂನು ಪ್ರಕಾರ. ವಿಜಯಪುರದಾಗ ಅವರ ಹೆಸರಿನ ಸಂಶೋಧನಾ ಕೇಂದ್ರ ಐತಿ, ಕಾಲೇಜುಗಳು ಅದಾವ, ಕಂಪ್ಯೂಟರ್ ಕಲ್ತ ಹುಡುಗೂರು ಅದಾರ, ಎಲ್ಲಾರೂ ಕೂಡಿ ಅವರ ಪುಸ್ತಕ ಒಂದೊಂದ ಯುನಿಕೋಡ್‌ದಾಗ ಟೈಪ್ ಮಾಡಿ ಇಪಬ್ ಮಾಡಬೇಕು. ಕಂಪೋಜ್ ಕೆಲಸ ಎಷ್ಟು ಬೇಕೋ ಅಷ್ಟು ನಾ ರೊಕ್ಕ ಇಲ್ಲದ ಮಾಡಿ ಕೊಡ್ತೀನಿ, ಇದು ಖರೇ ಮಾತು. ಇಂಟರ್‌ನೆಟ್‌ದಾಗ ವಚನ ಸಂಚಯ ಅಂತ ಐತಿ, ಅಲ್ಲಿ ಒಂದು ಶಬ್ದ ಹಾಕಿದ್ರ ಅದು ಯಾವ ಯಾವ ಶರಣರ ಯಾವ ವಚನದಾಗ ಬಂದೈತಿ ಎಲ್ಲಾ ಬರತೈತಿ. 15 ಸಂಪುಟದ ಸಮಗ್ರ ವಚನ ಮುಂದ ಇಟ್ಕೊಂಡು ಅದನ್ನ ಕೈಲೆ ಹುಡಕಾಕ ಹೋದ್ರ ವರ್ಷಗಟ್ಟಲೆ ಬೇಕು. ಸಂಶೋಧನೆ ಮಾಡೋ ಹುಡುಗೂರಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾವುದೈತಿ?

ಹುಡುಗೂರ ಮಾತ ಬಂತು ಅಂದ್ರ, ಪರೀಕ್ಷೆಗೆ ಓದೋರು ಪರದೆ ಮ್ಯಾಲೆ ಓದಬ್ಯಾಡ್ರಿ ಅಂತ ನಾ ಗಟ್ಟಿಯಾಗಿ ಹೇಳ್ತೀನಿ. ವಿಜಯಪುರದಾಗ ಕೋಚಿಂಗ್ ಸೆಂಟರ್ ಎಷ್ಟು ಅದಾವ ನಿಮಗ ಗೊತ್ತೈತಿ, ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಸುತ್ತಲಿನ ಜಿಲ್ಲೆ ಹುಡುಗೂರು ಬಂದು ರೂಮ್ ಮಾಡ್ಕೊಂಡು ಓದ್ತಾರ, ಬಾಳ ಮಂದಿ ಫೋನಿನ್ಯಾಗ ಪಿಡಿಎಫ್ ತಗದು ಕುಂತಿರ್ತಾರ. 2018ರಾಗ ಸ್ಪೇನ್, ಇಸ್ರೇಲ್ ದೇಶದ ಸಂಶೋಧಕರು 54 ಅಧ್ಯಯನ ಕೂಡಿಸಿ ನೋಡಿದ್ರು, ಅದರಾಗ ಓದಿದವ್ರು 1 ಲಕ್ಷ 70 ಸಾವಿರಕ್ಕಿಂತ ಹೆಚ್ಚು ಮಂದಿ. ಮಾಹಿತಿ ಇರೋ ಪಠ್ಯ ಕಾಗದದ ಮ್ಯಾಲೆ ಓದಿದವ್ರಿಗೆ ಹೆಚ್ಚು ತಿಳಿತೈತಿ, ಅದೂ ಟೈಮ್ ಹಚ್ಚಿ ಓದೋವಾಗ ಈ ಅಂತರ ಇನ್ನೂ ದೊಡ್ಡದು ಅಂತ ಬಂತು. ಬರೇ ಕಥಿ ಓದೋದ್ರಾಗ ಅಂಥಾ ಫರಕ್ ಕಾಣಲಿಲ್ಲ. ಹಂಗಾಗಿ ಕಾದಂಬರಿ ಫೋನಿನ್ಯಾಗ ಆರಾಮ ಓದ್ರಿ, ಸಂವಿಧಾನ, ಇತಿಹಾಸ, ಅರ್ಥಶಾಸ್ತ್ರ ಕಾಗದದ ಮ್ಯಾಲೆ ಓದ್ರಿ. ಸಾಲಿ ಮಕ್ಕಳ ಪಠ್ಯಪುಸ್ತಕನ ಟ್ಯಾಬ್ ಮಾಡ್ತೀವಿ ಅನ್ನೋರಿಗೂ ಇದ ಉತ್ತರ.

ಈಗ ಪುಕ್ಕಟೆ ಪಿಡಿಎಫ್ ವಿಚಾರ. ಪುಸ್ತಕದ ಸುದ್ದಿ ಫೇಸ್‌ಬುಕ್‌ದಾಗ ಹಾಕಿದ ಐದ ನಿಮಿಷಕ್ಕ "ಸರ್ ಪಿಡಿಎಫ್ ಇದ್ರ ಕಳಸ್ರಿ" ಅಂತ ಬರತೈತಿ. ಕೇಳೋರು ಬಡವರೇನ ಅಲ್ಲ, ಪಗಾರದ ಮಂದಿ, ಕಾಲೇಜು ಮಾಸ್ತರು ಸುದ್ದಾ. ನಾ ಕಂಪೋಜ್ ಮಾಡಿದ ಒಂದು ಕಾದಂಬರಿ, ಬರದ ಅಕ್ಕಾರು ನೌಕರಿ, ಮನಿ, ಮಕ್ಕಳು ಎಲ್ಲಾ ನಡಸ್ಕೋತ ರಾತ್ರಿ ಕುಂತು ವರ್ಷಾನುಗಟ್ಟಲೆ ಬರದದ್ದು, ಬಿಡುಗಡೆ ಆಗಿ ತಿಂಗಳಾಗಿರಲಿಲ್ಲ, ಯಾರೋ ಪುಟಪುಟ ಸ್ಕ್ಯಾನ್ ಮಾಡಿ ಟೆಲಿಗ್ರಾಂ ಗ್ರೂಪಿನ್ಯಾಗ ಹಾಕಿದ್ರು, ಅಲ್ಲಿಂದ ವಾಟ್ಸಾಪಿಗೆ ಬಂತು. ತಿರಗಿ ತಿರಗಿ ಅದು ಆ ಅಕ್ಕಾರ ಫೋನಿಗೇ ಬಂತು, "ಓದ್ಲೇಬೇಕಾದ ಪುಸ್ತಕ" ಅಂತ ಕೆಳಗ ಬರದಿದ್ರು. ನನ್ನ ಮುಂದ ಅದನ್ನ ತೋರಿಸೋವಾಗ ಅವರ ಕಣ್ಣಾಗ ನೀರು ಬಂದ್ವು. ಓದ್ಲೇಬೇಕು ಅನಿಸಿದ ಮಂದಿಗೆ 180 ರೂಪಾಯಿ ಕೊಡಬೇಕು ಅನಿಸಲಿಲ್ಲಲ್ಲ. ಇದು 1957ರ ಕಾಪಿರೈಟ್ ಕಾಯಿದೆ ಪ್ರಕಾರ ಅಪರಾಧ, ಜೈಲು ಶಿಕ್ಷೆ ಸುದ್ದಾ ಐತಿ, ಆದ್ರ ಒಬ್ಬ ಸಣ್ಣ ಊರಿನ ಲೇಖಕಿ ಯಾರ ಮ್ಯಾಲೆ ಕೇಸ್ ಹಾಕ್ಕೋತ ಕುಂದರಬೇಕು? ಇದರ ಸಲುವಾಗಿನ ಪ್ರಕಾಶಕರು ಇ-ಪುಸ್ತಕ ಅಂದ್ರ ಹೆದರ್ತಾರ, ಆದ್ರ ನೋಡ್ರಿ, ಆ ಕಾದಂಬರಿ ಇ-ಪುಸ್ತಕ ಆಗಿರಲೇ ಇಲ್ಲ, ಕದ್ದದ್ದು ಅಚ್ಚಿನ ಪುಸ್ತಕದಿಂದನ. ಸರಿಯಾದ ಇ-ಪುಸ್ತಕ ಅಗ್ಗದ ಬೆಲೆಗೆ ಮೊದಲ ದಿನದಿಂದ ಸಿಕ್ಕಿದ್ರ ಕೇಳಿದವರಾಗ ಅರ್ಧ ಮಂದಿರೆ ತಗೋತಿದ್ರು ಅನ್ನೋದು ನನ್ನ ನಂಬಿಕಿ. ಊಟ ಇಟ್ಟಲ್ಲಿ ಕದಿಯೋರು ಕಮ್ಮಿ ಆಗ್ತಾರ.

ಬಡವರು ಓದಬಾರದೇನು ಅಂತ ಕೇಳ್ತಾರ. ಓದಬೇಕು, ಅವರ ಸಲುವಾಗಿ ಗ್ರಂಥಾಲಯ ಅದಾವ. 1965ರ ಗ್ರಂಥಾಲಯ ಕಾಯಿದೆ ಕೆಳಗ ನಾವೆಲ್ಲಾ ಮನಿ ತೆರಿಗಿ ಜೋಡಿ 6 ಪರ್ಸೆಂಟ್ ಗ್ರಂಥಾಲಯ ಕರ ಕಟ್ಟತೀವಿ, ಪಂಚಾಯಿತಿ ಗ್ರಂಥಾಲಯ 2019ರಾಗ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದು ಅರಿವು ಕೇಂದ್ರ ಆಗ್ಯಾವ, ಕೆಲವು ಕಡೆ ಕಂಪ್ಯೂಟರ್‌ನೂ ಬಂದಾವ. 2020ರಾಗ ಗ್ರಂಥಾಲಯ ಇಲಾಖೆ ಡಿಜಿಟಲ್ ಗ್ರಂಥಾಲಯನೂ ಶುರು ಮಾಡೇತಿ. ಇಲ್ಲಿ ಒಂದು ಕೊಂಡಿ ಅಷ್ಟ ತಪ್ಪೇತಿ. ಏಕಗವಾಕ್ಷಿ ಒಳಗ 300 ಪ್ರತಿ ತಗೋವಾಗ ಅದ ಪುಸ್ತಕದ ಇ-ಪ್ರತಿ ಓದಸೋ ಹಕ್ಕನ್ನೂ ಇಲಾಖೆ ರೊಕ್ಕ ಕೊಟ್ಟು ತಗೋಬೇಕು, ಒಂದು ಪುಸ್ತಕಕ್ಕ ಇಷ್ಟು ಮಂದಿ ಏಕಕಾಲಕ್ಕ ಓದಬಹುದು ಅಂತ ಮಿತಿ ಇಟ್ಟು. ಹಂಗಾದ್ರ ಆಲಮೇಲದ ಹುಡುಗ ಪುಕ್ಕಟೆ ಓದ್ತಾನ, ಬರದಾಕಿಗೆ ರೊಕ್ಕನೂ ಮುಟ್ಟತೈತಿ, ಕದ್ದ ಪಿಡಿಎಫ್ ಯಾರಿಗೂ ಬೇಕಾಗೂದಿಲ್ಲ.

ನಿಮ್ಮ ಪತ್ರಿಕೆಗೂ ಒಂದು ವಿನಂತಿ ಐತ್ರಿ. ರವಿವಾರ ನೀವು ಹೊಸ ಪುಸ್ತಕದ ಪರಿಚಯ ಹಾಕ್ತೀರಿ, ಕೆಳಗ ಪುಟ, ಬೆಲೆ, ಪ್ರಕಾಶಕರ ಹೆಸರು ಇರತೈತಿ. ಅದರ ಜೋಡಿ ಇ-ಪುಸ್ತಕ ಐತೋ ಇಲ್ಲೋ, ಇದ್ರ ಎಲ್ಲಿ ಸಿಗತೈತಿ, ಎಷ್ಟು ಅಂತ ಇನ್ನೊಂದು ಸಾಲು ಹಾಕಾಕ ಶುರು ಮಾಡ್ರಿ. ಇಲ್ಲ ಅಂದ್ರ "ಇ-ಪುಸ್ತಕ ಇಲ್ಲ" ಅಂತ ಹಾಕ್ರಿ, ನಾಲ್ಕು ವಾರ ಹಂಗ ಬಂದ್ರ ಪ್ರಕಾಶಕರು ತಾವ ನಮ್ಮಂಥಾ ಡಿಟಿಪಿಯವರಿಗೆ ಫೋನ್ ಹಚ್ಚತಾರ.

ಇಂತಿ ನಿಮ್ಮ ಓದುಗ,
ಒಬ್ಬ ಡಿಟಿಪಿ ಕೆಲಸಗಾರ, ವಿಜಯಪುರ